ವಾರ್ಡಿನ ಕಿಟಕಿಯಿಂದ – ಭಾಗ 9: ಮುರಿದ ಕಾಲಿಗೆ ಸುದ್ದಿ ತಲುಪಿದ ಕಥೆ

ಭಾಗ 8 ಹಾಕಿ ಮೂರು ವಾರ ಆಯ್ತು, ಕ್ಷಮಿಸಿ. ಸಾಲಾಗಿ ನೈಟ್ ಡ್ಯೂಟಿ, ಮನೆಯಲ್ಲಿ ಮಗನಿಗೆ ಜ್ವರ. ಇವತ್ತು ರಜೆ, ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಟೀ ಇಟ್ಟುಕೊಂಡು ಓದಿ.

ನಾನಿರುವುದು ಇಂಗ್ಲೆಂಡಿನ ಒಂದು ಟ್ರಾಮಾ ವಾರ್ಡಿನಲ್ಲಿ ಅಂತ ನಿಮಗೆಲ್ಲ ಗೊತ್ತು. ಇಲ್ಲಿಂದ ಪೀಕ್ ಡಿಸ್ಟ್ರಿಕ್ಟ್ ಬೆಟ್ಟಗಳು ದೂರವಿಲ್ಲ. ಬೇಸಿಗೆಯ ಶನಿವಾರ, ಭಾನುವಾರ ಬಂತೆಂದರೆ ಬಂಡೆ ಹತ್ತುವವರ ಜಾತ್ರೆ. ಸಂಜೆಯ ಹೊತ್ತಿಗೆ ಅವರಲ್ಲಿ ಒಬ್ಬಿಬ್ಬರು ನಮ್ಮ ವಾರ್ಡಿಗೆ. ಹಾಗೆ ಬಂದವನೇ ಈ ಹುಡುಗ. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಎರಡು ಮಹಡಿಯಷ್ಟು ಎತ್ತರದಿಂದ ಬಿದ್ದಿದ್ದ. ಒಂದು ಕಾಲಿನ ಹಿಮ್ಮಡಿ ಮೂಳೆ ಪುಡಿ. ಇನ್ನೊಂದು ಕಾಲಿನ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಹರಿದು ಹೊರಗೆ ಬಂದಿತ್ತು. ಮೂರು ಆಪರೇಷನ್ ಆದಮೇಲೆ ಆ ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ಸರಳು, ಚರ್ಮ ಮತ್ತು ಮೂಳೆ ದಾಟಿ ಹೋಗುವ ತೆಳು ತಂತಿಗಳು. ಇಲಿಜಾರೋವ್ ಫ್ರೇಮ್ ಅಂತಾರೆ ಇದಕ್ಕೆ.

ಒಂದು ರಾತ್ರಿ ಮೂರು ಗಂಟೆಗೆ ಬೆಲ್ ಹೊಡೆದ. ನೋವಿನ ಮಾತ್ರೆ ಬೇಕಿರಬಹುದು ಅಂದುಕೊಂಡು ಹೋದೆ. ‘ಸಿಸ್ಟರ್, ಈ ಕಾಲು ಕತ್ತರಿಸಿಬಿಡಿ ಅಂತ ನಾಳೆ ಡಾಕ್ಟರಿಗೆ ಹೇಳ್ತೀನಿ’ ಅಂದ. ಅಳುತ್ತಿರಲಿಲ್ಲ. ಲೆಕ್ಕ ಹಾಕಿದವನ ಹಾಗೆ ಹೇಳಿದ. ಒಂದು ವರ್ಷ ಈ ಪಂಜರ ಹೊತ್ತು ಓಡಾಡುವುದಕ್ಕಿಂತ ಅದೇ ವಾಸಿ ಅಂತ ಅವನ ಲೆಕ್ಕ.

ಅದು ತಪ್ಪು ಅಂತ ಹೇಳುವ ಹಕ್ಕು ನನಗಿಲ್ಲ. ಕೆಲವರಿಗೆ ಕಾಲು ತೆಗೆಯುವುದೇ ಸರಿಯಾದ ದಾರಿ. ಕೃತಕ ಕಾಲಿನಲ್ಲಿ ಬೆಟ್ಟ ಹತ್ತುವವರೂ ಇದ್ದಾರೆ. ಆದರೆ ಅಂಥ ನಿರ್ಧಾರವನ್ನು ಬೆಳಗಿನ ಜಾವ ಮೂರಕ್ಕೆ ಒಬ್ಬನೇ ಕೂತು ಮಾಡಬಾರದು. ಕುರ್ಚಿ ಎಳೆದುಕೊಂಡೆ. ‘ಹೋಗಲಿ, ಈ ಪಂಜರ ಕಂಡುಹಿಡಿದ ಪಾಪಿ ಯಾರು?’ ಅಂತ ಕೇಳಿದ. ಅವತ್ತು ಅವನಿಗೆ ತುಂಡುತುಂಡಾಗಿ ಹೇಳಿದ್ದನ್ನೇ ಇಲ್ಲಿ ಸರಿಯಾಗಿ ಬರೆಯುತ್ತಿದ್ದೇನೆ.

ಮೊದಲು ನೂರೈವತ್ತು ವರ್ಷ ಹಿಂದೆ ಹೋಗೋಣ. ಆಗ ಮೂಳೆ ಚರ್ಮ ಹರಿದು ಹೊರಬಂದರೆ ಬಹಳ ಸಲ ಕಾಲನ್ನೇ ಕತ್ತರಿಸುತ್ತಿದ್ದರು. ಕಾಲು ಉಳಿಸಲು ಹೋದರೆ ಕೀವಾಗಿ, ನಂಜೇರಿ ಜೀವವೇ ಹೋಗುತ್ತದೆ ಎಂಬ ಭಯ. 1865ರ ಆಗಸ್ಟ್‌ನಲ್ಲಿ ಗ್ಲಾಸ್ಗೋ ನಗರದಲ್ಲಿ 11 ವರ್ಷದ ಹುಡುಗನೊಬ್ಬನ ಕಾಲ ಮೇಲೆ ಗಾಡಿಯ ಚಕ್ರ ಹರಿಯಿತು. ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಆ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದರು. ಕೀವಾಗಲಿಲ್ಲ. ಆರು ವಾರದಲ್ಲಿ ಮೂಳೆ ಕೂಡಿತು. ಇವತ್ತು ನಾವು ಡ್ರೆಸ್ಸಿಂಗ್ ಟ್ರಾಲಿ ತಳ್ಳಿಕೊಂಡು ಹೋಗುವುದರ ಹಿಂದೆ ಆ ಹುಡುಗನ ಕಾಲಿದೆ.

ಅದೇ ಕಾಲದಲ್ಲಿ ಲಿವರ್‌ಪೂಲ್ ಬಂದರಿನ ನೆಲ್ಸನ್ ಸ್ಟ್ರೀಟಿನಲ್ಲಿ ಹ್ಯೂ ಓವನ್ ಥಾಮಸ್ (1834–1891) ಎಂಬ ಡಾಕ್ಟರಿದ್ದರು. ಇವರ ವಂಶ ನಮ್ಮವರಿಗೆ ಕೂಡಲೇ ಅರ್ಥವಾಗುತ್ತದೆ. ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ, ತಲೆಮಾರುಗಳಿಂದ ಮೂಳೆ ಕಟ್ಟುವ ನಾಟಿ ವೈದ್ಯರ ಮನೆತನ. ಬೆಂಗಳೂರಿನ ರಸ್ತೆಗಳಲ್ಲಿ ‘ಪುತ್ತೂರು ಕಟ್ಟು’ ಅಂತ ಬೋರ್ಡ್ ನೋಡುತ್ತೀರಲ್ಲ, ಹಾಗೆ. ಅಪ್ಪನಿಗೆ ಡಿಗ್ರಿ ಇರಲಿಲ್ಲ. ಡಾಕ್ಟರುಗಳು ಕೇಸು ಹಾಕಿ ಕಾಡಿದರು. ಅದಕ್ಕೇ ಆತ ತನ್ನ ಐದು ಗಂಡುಮಕ್ಕಳನ್ನೂ ಡಾಕ್ಟರಿಕೆ ಓದಿಸಿದ. ಹ್ಯೂ ಮಾತ್ರ ಅಪ್ಪನ ಕೈಚಳಕವನ್ನೂ ಬಿಡಲಿಲ್ಲ. ಭಾನುವಾರ ಬಡವರಿಗೆ ಉಚಿತ ಚಿಕಿತ್ಸೆ. ಯಾವ ದೊಡ್ಡ ಆಸ್ಪತ್ರೆಯಲ್ಲೂ ಹುದ್ದೆ ಇಲ್ಲ. ಅವರು ಮಾಡಿದ ಕಬ್ಬಿಣದ ಸ್ಪ್ಲಿಂಟ್ ತೊಡೆಯ ಬುಡಕ್ಕೆ ಒಂದು ಬಳೆ, ಎರಡೂ ಬದಿಗೆ ಸರಳು, ಅಷ್ಟೇ. ಅದನ್ನು 1875ರಲ್ಲಿ ಪುಸ್ತಕದಲ್ಲಿ ವಿವರಿಸಿದರು. ದೊಡ್ಡವರು ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಆ ಸ್ಪ್ಲಿಂಟನ್ನು ಮುಂದಕ್ಕೆ ಒಯ್ದವರು ಅವರ ಹೆಂಡತಿಯ ಕಡೆಯ ಹುಡುಗ, ಅವರ ಮನೆಯಲ್ಲೇ ಇದ್ದು ಕಲಿತ ರಾಬರ್ಟ್ ಜೋನ್ಸ್. ಮೊದಲ ಮಹಾಯುದ್ಧದಲ್ಲಿ ತೊಡೆಮೂಳೆ ಮುರಿದ ಸೈನಿಕರು ರಕ್ತ ಹೋಗಿ, ಆಘಾತದಿಂದ ಸಾಲುಸಾಲಾಗಿ ಸಾಯುತ್ತಿದ್ದರು. ನೂರರಲ್ಲಿ 80 ಜನ ಎನ್ನುವ ಅಂಕಿ ಎಲ್ಲ ಪುಸ್ತಕದಲ್ಲೂ ಇದೆ. ಅದು ಹಿಗ್ಗಿಸಿದ್ದು ಎನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ 1917ರ ಆರಾಸ್ ಕಾಳಗದಲ್ಲಿ, ಗಾಯಾಳುವನ್ನು ಸಾಗಿಸುವ ಮೊದಲೇ ಥಾಮಸ್ ಸ್ಪ್ಲಿಂಟ್ ಕಟ್ಟಲು ಶುರು ಮಾಡಿದ ಮೇಲೆ, 1,009 ಜನರಲ್ಲಿ ಸತ್ತವರು ಶೇ. 15.6 ಎಂದು ದಾಖಲಾಗಿದೆ. ಯೋಚಿಸಿ ನೋಡಿ. ವಸ್ತು ಹೊಸದಲ್ಲ. ನಲವತ್ತು ವರ್ಷ ಪುಸ್ತಕದಲ್ಲಿತ್ತು. ತಲುಪಬೇಕಾದಲ್ಲಿಗೆ ತಲುಪಿರಲಿಲ್ಲ, ಅಷ್ಟೇ.

ಈಗ ನಮ್ಮವಳೊಬ್ಬಳ ಕಥೆ. ನಮ್ಮವಳು ಅಂದರೆ ನರ್ಸ್. ಆಗ್ನೆಸ್ ಹಂಟ್‌ಗೆ ಚಿಕ್ಕಂದಿನಲ್ಲಿ ಕಾಲಿನ ಒಂದು ಬೊಬ್ಬೆಯಿಂದ ನಂಜೇರಿ ಸೊಂಟದ ಕೀಲು ಹಾಳಾಯಿತು. ಕುಂಟುತ್ತಾಳೆ ಅಂತ ನರ್ಸಿಂಗ್ ತರಬೇತಿಗೆ ಸೇರುವುದೇ ಕಷ್ಟವಾಯಿತು. ಬಿಡಲಿಲ್ಲ. 1900ರಲ್ಲಿ ಶ್ರಾಪ್‌ಶೈರ್‌ನ ಬಾಸ್‌ಚರ್ಚ್ ಹಳ್ಳಿಯಲ್ಲಿ ಮೂಳೆ-ಕೀಲಿನ ಕಾಯಿಲೆಯ ಮಕ್ಕಳಿಗೆ ಒಂದು ಆರೈಕೆ ಮನೆ ತೆರೆದರು. ತೆರೆದ ಗಾಳಿಯ ಶೆಡ್ಡುಗಳಲ್ಲಿ ಹಾಸಿಗೆ. ತಮ್ಮ ಕಾಲು ತೋರಿಸಲು ಲಿವರ್‌ಪೂಲಿಗೆ ಹೋದಾಗ ಪರಿಚಯವಾದ ರಾಬರ್ಟ್ ಜೋನ್ಸ್ ಆಮೇಲೆ ಆ ಹಳ್ಳಿಗೇ ಬಂದು ಆಪರೇಷನ್ ಮಾಡತೊಡಗಿದರು. 1921ರಲ್ಲಿ ಅದು ಓಸ್ವೆಸ್ಟ್ರಿಗೆ ಸ್ಥಳಾಂತರವಾಯಿತು. ಇವತ್ತಿಗೂ ಅಲ್ಲಿನ ಮೂಳೆ ಆಸ್ಪತ್ರೆಗೆ ಇಬ್ಬರ ಹೆಸರೂ ಇದೆ, ಡಾಕ್ಟರದ್ದು ಮತ್ತು ನರ್ಸಿದ್ದು. ಆಪರೇಷನ್ ಒಂದು ದಿನದ್ದು, ಗುಣವಾಗುವುದು ತಿಂಗಳುಗಳದ್ದು ಅಂತ ಆಕೆ ಸ್ವಂತ ಕಾಲಿನಿಂದಲೇ ಕಲಿತಿದ್ದರು.

ಇಲ್ಲಿಗೆ ಬರುವಾಗ ನಮ್ಮ ಹುಡುಗ ತಡೆದ. ಅವನ ತಲೆಯಲ್ಲಿ ಇನ್ನೊಂದು ಕಥೆ ಓಡುತ್ತಿತ್ತು. ಡಗ್ ಸ್ಕಾಟ್ ಅಂತ, 1975ರಲ್ಲಿ ಡೂಗಲ್ ಹ್ಯಾಸ್ಟನ್ ಜೊತೆ ಎವರೆಸ್ಟಿನ ನೈಋತ್ಯ ಮುಖ ಹತ್ತಿದವರು. 1977ರ ಜುಲೈಯಲ್ಲಿ ಕಾರಕೋರಂನ 7,285 ಮೀಟರ್ ಎತ್ತರದ ‘ಓಗರ್’ ಶಿಖರ ಮುಟ್ಟಿ ಹಗ್ಗದಲ್ಲಿ ಇಳಿಯುವಾಗ ಜಾರಿ, ಲೋಲಕದ ಹಾಗೆ ತೂಗಿ ಬಂಡೆಗೆ ಬಡಿದು, ಎರಡೂ ಕಾಲು ಹರಡಿನ ಹತ್ತಿರ ಮುರಿದುಕೊಂಡರು. ಬಿರುಗಾಳಿಯಲ್ಲಿ ಮಂಡಿಯೂರಿ ತೆವಳುತ್ತಾ ಸುಮಾರು ಒಂದು ವಾರದಲ್ಲಿ ಬೇಸ್ ಕ್ಯಾಂಪಿಗೆ ಇಳಿದರು. ‘ಅವರು ಎರಡು ಮುರಿದ ಕಾಲಲ್ಲಿ ಬೆಟ್ಟ ಇಳಿದರು, ನಾನು ಬಾತ್‌ರೂಮಿಗೆ ಹೋಗೋಕೆ ಬೆಲ್ ಹೊಡೀತೀನಿ’ ಅಂದ.

ಪೂರ್ತಿ ಕಥೆ ಹೇಳು ಅಂದೆ. ಹೇಳಿದ. ಜೊತೆಗಿದ್ದ ಕ್ರಿಸ್ ಬಾನಿಂಗ್ಟನ್ ಅದೇ ಇಳಿಯುವಾಗ ಪಕ್ಕೆಲುಬು ಮುರಿದುಕೊಂಡರು. ಮೋ ಆಂಥೋಯಿನ್ ಮತ್ತು ಕ್ಲೈವ್ ರೋಲೆಂಡ್ ಮುಂದೆ ನಡೆದು ಹಿಮದಲ್ಲಿ ದಾರಿ ಮಾಡಿದರು, ಹಗ್ಗ ಕಟ್ಟಿದರು, ಹಿಮದ ಗುಹೆ ತೋಡಿದರು. ಕೆಳಗೆ ಬಂದ ಮೇಲೆ ಬಾಲ್ಟಿ ಹಳ್ಳಿಗರು ಸ್ಟ್ರೆಚರ್ ಮೇಲೆ ಹೊತ್ತು ತಂದರು. ಎರಡೇ ವರ್ಷಕ್ಕೆ, 1979ರಲ್ಲಿ, ಸ್ಕಾಟ್ ಆಮ್ಲಜನಕದ ಸಿಲಿಂಡರ್ ಇಲ್ಲದೆ ಕಾಂಚನಜುಂಗಾ ಹತ್ತಿದರು. ‘ಹಾಗಾದರೆ ಅವರು ಒಬ್ಬರೇ ಇಳಿಯಲಿಲ್ಲ ತಾನೇ?’ ಅಂದೆ. ‘ನಮ್ಮ ವಾರ್ಡಿನ ಬೆಲ್ ನಿನ್ನ ಹಗ್ಗ ಅಂದುಕೋ.’ ಮೊದಲ ಸಲ ನಕ್ಕ.

ಇನ್ನು ಪಂಜರದ ‘ಪಾಪಿ’. ಗವ್ರೀಲ್ ಇಲಿಜಾರೋವ್, 1921ರಲ್ಲಿ ಹುಟ್ಟಿದ್ದು. ಬೆಳೆದದ್ದು ಕಾಕಸಸ್ ಬೆಟ್ಟದ ಬಡ ಕುಟುಂಬದಲ್ಲಿ. 1944ರಲ್ಲಿ ಡಾಕ್ಟರಾದ ಕೂಡಲೇ ಸೈಬೀರಿಯಾದ ಪಶ್ಚಿಮ ಅಂಚಿನ ಕುರ್ಗಾನ್ ಪ್ರಾಂತ್ಯದ ಒಂದು ಹಳ್ಳಿಗೆ ಹಾಕಿದರು. ಯುದ್ಧ ಮುಗಿದ ಕಾಲ. ಕೂಡದ ಮೂಳೆ, ಸೊಟ್ಟ ಕಾಲು ಹೊತ್ತ ಸೈನಿಕರೇ ರೋಗಿಗಳು. 1950ರ ದಶಕದ ಆರಂಭಕ್ಕೆ ಬಳೆ ಮತ್ತು ತಂತಿಯ ಈ ಸಾಧನ ಮಾಡಿದರು. ಮೊದಲು ಸೈಕಲ್ ಚಕ್ರದ ಕಡ್ಡಿ ಬಳಸಿದರು ಅಂತ ಹೇಳುವುದುಂಟು. ಆಮೇಲೆ ಗೊತ್ತಾದದ್ದೇ ದೊಡ್ಡದು. ಮೂಳೆಯ ಎರಡು ತುದಿಗಳನ್ನು ದಿನಕ್ಕೆ 1 ಮಿಲಿಮೀಟರಿನಂತೆ, ಅದೂ ನಾಲ್ಕು ಕಂತಿನಲ್ಲಿ, ನಿಧಾನವಾಗಿ ದೂರ ಎಳೆದರೆ ನಡುವೆ ಹೊಸ ಮೂಳೆ ಬೆಳೆಯುತ್ತದೆ. ಜೊತೆಗೆ ನರ, ರಕ್ತನಾಳ, ಚರ್ಮವೂ ಬೆಳೆಯುತ್ತವೆ. ಗಿಡ್ಡವಾದ ಕಾಲನ್ನು ಉದ್ದ ಮಾಡಬಹುದು. ಇನ್ನೊಂದು ಮಾತು: ಥಾಮಸ್ ಅವರದ್ದು ಅಲುಗಾಡದ ವಿಶ್ರಾಂತಿ. ಇಲಿಜಾರೋವ್ ರೋಗಿಯನ್ನು ಬೇಗ ಎಬ್ಬಿಸಿ ಆ ಕಾಲಿನ ಮೇಲೇ ನಡೆಸಿದರು. ಭಾರ ಬಿದ್ದರೇ ಮೂಳೆ ಗಟ್ಟಿಯಾಗುವುದು ಅಂತ.

ಮಾಸ್ಕೋದ ದೊಡ್ಡ ಡಾಕ್ಟರುಗಳು ಇವರನ್ನು ‘ಬೀಗ ರಿಪೇರಿಯವ’ ಅಂತ ಆಡಿಕೊಂಡರು. ಬಾಯಿ ಮುಚ್ಚಿಸಿದ್ದು ಒಂದು ಕಾಲು. 1964ರ ಒಲಿಂಪಿಕ್ಸ್ ಹೈಜಂಪ್ ಚಿನ್ನ ಗೆದ್ದ ವ್ಯಾಲೆರಿ ಬ್ರುಮೆಲ್ ಮರುವರ್ಷ ಬೈಕ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜು ಮಾಡಿಕೊಂಡಿದ್ದರು. ಅನೇಕ ಆಪರೇಷನ್ ಸೋತ ಮೇಲೆ 1968ರಲ್ಲಿ ಕುರ್ಗಾನ್‌ಗೆ ಹೋದರು, ಗುಣವಾದರು, ಮತ್ತೆ ಎರಡು ಮೀಟರಿಗಿಂತ ಎತ್ತರ ಜಿಗಿದರು. ಆದರೂ ಸುದ್ದಿ ಸೋವಿಯತ್ ಗಡಿ ಅಷ್ಟಾಗಿ ದಾಟಲಿಲ್ಲ.

ದಾಟಿಸಿದ್ದು ಒಬ್ಬ ಪರ್ವತಾರೋಹಿಯ ಕಾಲು. ಇಟಲಿಯ ಲೆಕ್ಕೋ ಊರಿನ ಕಾರ್ಲೊ ಮೌರಿ 1958ರಲ್ಲಿ ವಾಲ್ಟರ್ ಬೊನಾಟ್ಟಿ ಜೊತೆ ಗಾಶೆರ್‌ಬ್ರುಮ್ 4 ಶಿಖರವನ್ನು ಮೊದಲ ಬಾರಿಗೆ ಹತ್ತಿದವರು. ಆಮೇಲೆ ಹಿಮದಲ್ಲಿ ಸ್ಕೀ ಮಾಡುವಾಗ ಬಿದ್ದು ಕಾಲು ಮುರಿಯಿತು. ಸರಿಯಾಗಿ ಕೂಡಲೇ ಇಲ್ಲ. ಗಿಡ್ಡವಾದ, ಸೊಟ್ಟಗಾದ ಕಾಲಿನಲ್ಲೇ ಸುಮಾರು ಇಪ್ಪತ್ತು ವರ್ಷ ಜಗತ್ತು ಸುತ್ತಿದರು. 1969ರಲ್ಲಿ ಥೋರ್ ಹೆಯರ್‌ಡಾಲ್ ಅವರ ಜೊಂಡಿನ ದೋಣಿ ‘ರಾ’ದಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿದಾಗ ದೋಣಿಯ ಡಾಕ್ಟರಾಗಿದ್ದವರು ರಷ್ಯಾದ ಯೂರಿ ಸೆಂಕೆವಿಚ್. ಈ ಸ್ನೇಹಿತನ ಮೂಲಕ 1980ರಲ್ಲಿ ಮೌರಿ ಕುರ್ಗಾನ್ ತಲುಪಿದರು. ಕಾಲು ನೇರವಾಯಿತು. ಊರಿಗೆ ಬಂದಾಗ ಅಲ್ಲಿನ ಡಾಕ್ಟರುಗಳು ಬೆರಗಾದರು. 1981ರಲ್ಲಿ ಕೋಮೋ ಸರೋವರದ ದಂಡೆಯ ಬೆಲ್ಲಾಜಿಯೋದಲ್ಲಿ ನಡೆದ ಸಮ್ಮೇಳನಕ್ಕೆ ಇಲಿಜಾರೋವ್ ಅವರನ್ನು ಕರೆಸಿದರು. ಅಲ್ಲಿಂದ ಪಶ್ಚಿಮದ ದೇಶಗಳಿಗೆಲ್ಲ ಈ ವಿದ್ಯೆ ಹರಡಿತು. ಮೌರಿ ಮಾರನೇ ವರ್ಷವೇ ತೀರಿಕೊಂಡರು. ಸುಮಾರು ಮೂವತ್ತು ವರ್ಷ ಒಂದೆಡೆ ಉಳಿದಿದ್ದ ವಿದ್ಯೆಯನ್ನು ಹೊತ್ತು ತಂದದ್ದು ವಾಸಿಯಾದ ಒಂದು ಕಾಲು.

ಇಷ್ಟು ಹೇಳುವಾಗ ನನ್ನ ಗಂಟಲು ಕಟ್ಟಿತ್ತು. ಹುಡುಗನಿಗೆ ಕಾರಣ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನಮ್ಮ ಅಪ್ಪಯ್ಯ ಸಾಗರದ ಕಡೆ ಕೊನೆಗೌಡ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ. 1999ರಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಮಳೆಗೆ ಪಾಚಿ ಕಟ್ಟಿದ ಮರದಿಂದ ಜಾರಿ ಬಿದ್ದರು. ದುಡ್ಡಿರಲಿಲ್ಲ, ಆಸ್ಪತ್ರೆ ದೂರ. ನಾಟಿ ವೈದ್ಯರ ಹತ್ತಿರ ಬಿದಿರು ಸೀಳಿಟ್ಟು ಕಟ್ಟು ಹಾಕಿಸಿದೆವು. ಜೀವ ಉಳಿಯಿತು, ಕಾಲೂ ಉಳಿಯಿತು, ಆದರೆ ಒಂದೂವರೆ ಇಂಚು ಗಿಡ್ಡವಾಗಿ ಕೂಡಿತು. ಮತ್ತೆ ಮರ ಹತ್ತಲಿಲ್ಲ. ಹತ್ತಿದ್ದು ನಾವು, ಅಮ್ಮನ ಕೂಲಿಯ ಮೇಲೆ. ಗಿಡ್ಡ ಕಾಲನ್ನು ಉದ್ದ ಮಾಡಬಹುದು ಅಂತ ನಾನು ಕಣ್ಣಾರೆ ಕಂಡದ್ದು ಈ ವಾರ್ಡಿಗೆ ಬಂದಮೇಲೆ. ಫೋನ್ ಮಾಡಿ ಅಪ್ಪಯ್ಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಈಗ ಈ ಕಾಲೇ ರೂಢಿ ಆಗಿದೆ ಮಗಾ. ನೀನು ಅಲ್ಲಿರೋರ ಕಾಲು ನೋಡ್ಕೋ’ ಅಂದರು.

ಆ ನಾಟಿ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಥಾಮಸ್ ಬಂದದ್ದೂ ಅಂಥದ್ದೇ ಮನೆಯಿಂದ. ಗೊತ್ತಿರುವ ವಿದ್ಯೆ ನಮ್ಮ ಕೇರಿಯವರೆಗೆ ಬರಲಿಲ್ಲ ಎನ್ನುವುದೇ ನನ್ನ ಸಂಕಟ. ಅದಕ್ಕೇ ಈ ಸರಣಿ ಬರೆಯುತ್ತಿರುವುದು.

ಹಾಗಾಗಿ ಊರಿನಲ್ಲಿ ಮರ ಹತ್ತುವವರಿರುವ ಮನೆಯವರು ಇಷ್ಟು ನೆನಪಿಡಿ. ಬಿದ್ದವರು ಬೆನ್ನು, ಕುತ್ತಿಗೆ ನೋವು ಅಂದರೆ ಎತ್ತಿ ಕೂರಿಸಬೇಡಿ, ಆಂಬುಲೆನ್ಸ್ ಕರೆಸಿ. ಮೂಳೆ ಹೊರಗೆ ಕಂಡರೆ ಒಳಗೆ ತಳ್ಳಬೇಡಿ. ಚೊಕ್ಕ ಬಟ್ಟೆ ಮುಚ್ಚಿ. ಅರಿಶಿನ, ಕಾಫಿಪುಡಿ, ಸೊಪ್ಪಿನ ರಸ ಯಾವುದೂ ಬೇಡ. ಕಾಲು ಅಲುಗಾಡದ ಹಾಗೆ ಆಧಾರ ಕೊಡಿ, ಬಿಗಿಯಾಗಿ ಕಟ್ಟಬೇಡಿ. ಬೆರಳು ತಣ್ಣಗಾಗಿ ಬಿಳಚಿಕೊಂಡರೆ, ಜೋಮು ಹಿಡಿದರೆ, ನೋವು ಏರುತ್ತಲೇ ಹೋದರೆ ಒಂದು ನಿಮಿಷವೂ ತಡ ಮಾಡಬೇಡಿ. ಮೂಳೆ ಕೂಡುವ ತನಕ ಬೀಡಿ, ಸಿಗರೇಟು ಬಿಡಿಸಿ. ಹೊಗೆ ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ. ಮತ್ತೆ, ರಾತ್ರಿ ಅವರು ಎಚ್ಚರ ಇದ್ದರೆ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತುಕೊಳ್ಳಿ.

ಹುಡುಗ ಏನಾದ ಅಂತ ಕೇಳುತ್ತೀರಿ. ಬೆಳಿಗ್ಗೆ ಡಾಕ್ಟರ ಹತ್ತಿರ ಎಲ್ಲ ಮಾತಾಡಿದ, ಕಾಲು ತೆಗೆಯುವ ಮಾತನ್ನೂ. ಉಳಿಸಿಕೊಳ್ಳುವ ದಾರಿ ಆರಿಸಿದ. ಹತ್ತು ತಿಂಗಳಿಗೆ ಫ್ರೇಮ್ ತೆಗೆದರು. ಹೋದ ತಿಂಗಳು ಕ್ಲಿನಿಕ್ಕಿಗೆ ಬಂದವನು ಒಂದೇ ಕೋಲು ಹಿಡಿದು ನಮ್ಮ ವಾರ್ಡಿನ ತನಕ ನಡೆದು ಬಂದ. ಮತ್ತೆ ಬಂಡೆ ಹತ್ತುತ್ತೀಯಾ ಅಂದೆ. ಇನ್ನೂ ಗೊತ್ತಿಲ್ಲ ಅಂದ. ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕಾಲ ಮೇಲೆ ನಿಂತು ಚಹಾ ಕುಡಿದು ಹೋದ.

ನಿಮ್ಮ ಮನೆಯಲ್ಲೂ ಇಂಥ ಕಾಲಿನ ಕಥೆ ಇದ್ದರೆ ಕೆಳಗೆ ಬರೆಯಿರಿ, ಓದುತ್ತೇನೆ. ಭಾಗ 10ರಲ್ಲಿ ಪ್ಲಾಸ್ಟರ್ ಕಥೆ.