ವಠಾರದ ಸಂದಿಯಲ್ಲಿ ಡಿಜಿಟಲ್ ರೇಡಿಯೋ

1934ರ ಮೇ 2ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ವಾಷಿಂಗ್ಟನ್ನಿನಲ್ಲಿ ಕೂತು ಒಂದು ಕೀಲಿ ಒತ್ತಿದರು. ಸಿನ್ಸಿನಾಟಿಯ ಡಬ್ಲ್ಯೂಎಲ್‌ಡಬ್ಲ್ಯೂ ಕೇಂದ್ರ 5 ಲಕ್ಷ ವ್ಯಾಟ್ ಬಲದಲ್ಲಿ ಗುಡುಗತೊಡಗಿತು. ಸುತ್ತಲ ಮನೆಗಳ ಮಳೆನೀರಿನ ದೋಣಿ, ಬೇಲಿಯ ತಂತಿಗಳೂ ಹಾಡುತ್ತಿದ್ದವು ಎಂಬ ಕಥೆಗಳು ಅಲ್ಲಿ ಇನ್ನೂ ಓಡಾಡುತ್ತಿವೆ. ಕಥೆ ಹಾಗಿರಲಿ. ಈ ಕೇಂದ್ರದ್ದು 700 ಕಿಲೋಹರ್ಟ್ಜ್. ಗಡಿಯಾಚೆ ಟೊರೊಂಟೊದ ಸಿಎಫ್‌ಆರ್‌ಬಿಯದು 690. ರಾತ್ರಿಯಾದರೆ ಟೊರೊಂಟೊ ಸುತ್ತಲಿನವರಿಗೆ ತಮ್ಮೂರ ಕೇಂದ್ರದ ಮೇಲೆ ಸಿನ್ಸಿನಾಟಿ ಕವಿದುಕೊಳ್ಳುತ್ತಿತ್ತು. ಕೆನಡಾ ತಕರಾರು ತೆಗೆಯಿತು. ಆ ದಿಕ್ಕಿಗೆ ತರಂಗ ಕಡಿಮೆ ಹಾಯುವಂತೆ ಹೊಸ ಆಂಟೆನಾ ವ್ಯವಸ್ಥೆ ಮಾಡಿಕೊಂಡ ಮೇಲಷ್ಟೇ ರಾತ್ರಿ ಪೂರ್ಣ ಬಲದ ಪ್ರಸಾರ ಮುಂದುವರಿಯಿತು.

ಎಎಂ ರೇಡಿಯೋದಲ್ಲಿ ನೆರೆಹೊರೆಯ ಜಗಳ ಅಷ್ಟು ಹಳೆಯದು.

ಎಎಂ ಪಟ್ಟಿಯೆಂದರೆ ಒಂದು ವಠಾರ. ಅಮೆರಿಕ ಖಂಡಗಳಲ್ಲಿ 10 ಕಿಲೋಹರ್ಟ್ಜ್‌ಗೊಂದು ಮನೆ. 1975ರ ಜಿನೀವಾ ಒಪ್ಪಂದದ ಪ್ರಕಾರ ಭಾರತ, ಯುರೋಪುಗಳಲ್ಲಿ 9ಕ್ಕೊಂದು. ಆದರೆ ಅಮೆರಿಕದ ಕೇಂದ್ರವೊಂದರ ಧ್ವನಿ ತನ್ನ ನಡುಬಿಂದುವಿನಿಂದ ಎಡಕ್ಕೆ 10, ಬಲಕ್ಕೆ 10 ಕಿಲೋಹರ್ಟ್ಜ್ ತನಕ ಹರಡಬಹುದು. ಅಂದರೆ ಒಬ್ಬರ ಜಗಲಿ ಇನ್ನೊಬ್ಬರ ನಡುಮನೆಗೇ ಹೋಗಿ ಮುಟ್ಟುತ್ತದೆ! ಇಷ್ಟಾದರೂ ಸಂಸಾರ ನಡೆದದ್ದು ಪಕ್ಕಪಕ್ಕದ ಸಂಖ್ಯೆಗಳನ್ನು ದೂರದೂರದ ಊರುಗಳಿಗೆ ಹಂಚಿದ್ದರಿಂದ. ದೂರವೇ ಗೋಡೆ. ಹಗಲಲ್ಲಿ ಈ ಗೋಡೆ ಗಟ್ಟಿ, ಏಕೆಂದರೆ ಅಯಾನುಗೋಳದ ಕೆಳಗಿನ ‘ಡಿ’ ಪದರ ಮೇಲಕ್ಕೆ ಹೋದ ತರಂಗಗಳನ್ನು ನುಂಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಆ ಪದರ ಕರಗುತ್ತದೆ, ತರಂಗಗಳು ಇನ್ನೂ ಮೇಲಿನ ಪದರಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ಗೋಡೆ ಮಾಯ.

ಎಫ್‌ಎಂ ಎದುರು ಸೊರಗಿದ್ದ ಎಎಂಗೆ ಡಿಜಿಟಲ್ ಧ್ವನಿ ಕೊಡುವ ಯೋಜನೆ ಬಂದದ್ದು ಈ ವಠಾರಕ್ಕೆ. ಹೊಸ ಬಡಾವಣೆಗೆ ಜಾಗವಿರಲಿಲ್ಲ, ಹಳೆಯ ರೇಡಿಯೋಗಳನ್ನು ಕೈಬಿಡುವಂತೆಯೂ ಇರಲಿಲ್ಲ. 2000ದಲ್ಲಿ ಎರಡು ಸಂಸ್ಥೆಗಳು ಕೂಡಿ ಹುಟ್ಟಿದ ಐಬಿಕ್ವಿಟಿ ಕಂಪನಿ ಒಂದು ಉಪಾಯ ಮುಂದಿಟ್ಟಿತು. ಮಾಮೂಲಿ ಧ್ವನಿಯನ್ನು ನಡುವೆ 5 ಕಿಲೋಹರ್ಟ್ಜ್ ಒಳಗೆ ಕುಗ್ಗಿಸುವುದು. ಡಿಜಿಟಲ್ ಸಂಕೇತಗಳನ್ನು ಅದರಡಿಯಲ್ಲೂ ಅಕ್ಕಪಕ್ಕದಲ್ಲೂ ಹುದುಗಿಸುವುದು. ಒಟ್ಟು ಅಗಲ 30 ಕಿಲೋಹರ್ಟ್ಜ್. ಮುಖ್ಯ ಡಿಜಿಟಲ್ ಭಾಗ ಕೂರುವುದು ನಡುಬಿಂದುವಿನಿಂದ 10–15 ಕಿಲೋಹರ್ಟ್ಜ್ ಆಚೆ, ಎರಡೂ ಬದಿಯಲ್ಲಿ. ಅದು ನೆರೆಯವನ ಮನೆಯ ನಟ್ಟನಡುವೆ.

ಕಾನೂನಿನ ತೊಡಕಿಲ್ಲ ಎಂದರು ಎಂಜಿನಿಯರುಗಳು. ಅಂಚಿನಲ್ಲಿ ಎಷ್ಟು ಸೋರಬಹುದೆಂಬ ಮಿತಿ ಮೊದಲೇ ಇತ್ತು, ಡಿಜಿಟಲ್ ಭಾಗ ಅದರೊಳಗೇ ಇದೆ ಎಂಬುದು ಅವರ ವಾದ. ಕಾಗದದ ಮೇಲೆ ಲೆಕ್ಕ ಸರಿ. ಆದರೆ ಮಾತು, ಹಾಡುಗಳು ಆ ಮಿತಿಯನ್ನು ಮುಟ್ಟುವುದು ಎಂದೋ ಒಮ್ಮೆ, ತಾಳ ಬಡಿದಾಗಲೋ ‘ಸ’ಕಾರ ಸೀಟಿ ಹೊಡೆದಾಗಲೋ. ಡಿಜಿಟಲ್ ಸಂಕೇತಕ್ಕೆ ಉಸಿರು ಬಿಡುವ ಪದ್ಧತಿಯಿಲ್ಲ. ಪ್ರಸಾರ ನಡೆಯುವಷ್ಟು ಹೊತ್ತೂ ಆ ಜಾಗವನ್ನು ಒಂದೇ ಸಮನೆ ತುಂಬಿಕೊಂಡಿರುತ್ತದೆ. ಸಂದಿಯಲ್ಲಿ ಆಗಾಗ ಓಡಾಡುವುದಕ್ಕೂ ಅಲ್ಲೇ ಗೋಡೆ ಎಬ್ಬಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ಅಳತೆಯ ಪಟ್ಟಿಗೆ ಹೊಳೆಯಲಿಲ್ಲ, ಕಿವಿಗೆ ಹೊಳೆಯಿತು.

2002ರ ಅಕ್ಟೋಬರಿನಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಎಎಂಗೆ ಹಗಲಿನ ಡಿಜಿಟಲ್ ಪ್ರಸಾರಕ್ಕಷ್ಟೇ ಒಪ್ಪಿಗೆ ಕೊಟ್ಟಿತು. ರಾತ್ರಿಯ ಗುಣ ಗೊತ್ತಿದ್ದ ಜಾಣ ನಡೆ. ನ್ಯೂಯಾರ್ಕಿನ 710ರ ಡಬ್ಲ್ಯೂಓಆರ್ ಮೊದಲ ಸಾಲಿನಲ್ಲೇ ಹೊರಟಿತು. ಅದರ ಕೆಳಮನೆ 700, ಅದೇ ಹಳೆಯ ಸಿನ್ಸಿನಾಟಿ! ಈ ತಂತ್ರದ ಪೂರ್ಣ ಹೆಸರಿನ ಅರ್ಥ ‘ಅದೇ ಪಟ್ಟಿ, ಅದೇ ಚಾನೆಲ್’. ದೂರದ ಕೇಂದ್ರಗಳನ್ನು ಹುಡುಕಿ ಕೇಳುವ ಹವ್ಯಾಸಿಗಳು ಒಂದು ಪದ ಬದಲಿಸಿ ಅದನ್ನು ‘ಅದೇ ಪಟ್ಟಿ, ಪಕ್ಕದ ಚಾನೆಲ್’ ಎಂದು ಓದಿದರು.

2007ರ ಸೆಪ್ಟೆಂಬರ್ 14ರಿಂದ ರಾತ್ರಿಗೂ ಬಾಗಿಲು ತೆರೆಯಿತು. ನ್ಯೂಯಾರ್ಕ್ ರಾಜ್ಯದ ಏವನ್ ಎಂಬ ಸಣ್ಣ ಊರಿನ ಡಬ್ಲ್ಯೂವೈಎಸ್‌ಎಲ್ ಇರುವುದು 1040ರಲ್ಲಿ. ಬಾಸ್ಟನ್ನಿನ ಡಬ್ಲ್ಯೂಬಿಝಡ್ 50 ಸಾವಿರ ವ್ಯಾಟಿನ ದೈತ್ಯ, 1030ರಲ್ಲಿ. ದೈತ್ಯನ ಮೇಲ್ಬದಿಯ ಡಿಜಿಟಲ್ ಭಾಗ 1040ರಿಂದ 1045. ಕತ್ತಲಾದ ಮೇಲೆ ತನ್ನ ಕೇಳುಗರಿಗೆ ಭೋರ್ಗರೆತವೇ ಕೇಳುತ್ತಿದೆ ಎಂದು ಏವನ್ ಕೇಂದ್ರ ಎಫ್‌ಸಿಸಿಗೆ ದೂರು ಕೊಟ್ಟಿತು. ದೂರು ಸಣ್ಣವರದಷ್ಟೇ ಆಗಿರಲಿಲ್ಲ. ಅದೇ ವರ್ಷ ಸಿಟಡೆಲ್ ಕಂಪನಿ ತನ್ನ ದೊಡ್ಡ ಕೇಂದ್ರಗಳ ರಾತ್ರಿ ಡಿಜಿಟಲ್ ಪ್ರಸಾರವನ್ನು ತಾನೇ ನಿಲ್ಲಿಸಿತು. ಮುಂದೆ ಹಲವು ಕೇಂದ್ರಗಳು ಸದ್ದಿಲ್ಲದೆ ಅದೇ ದಾರಿ ಹಿಡಿದವು. ಹೊಸತೂ ಬೇಕು, ಹಳತೂ ಇರಲಿ ಎಂಬ ರಾಜಿಯ ಬೆಲೆಯನ್ನು ಆ ರಾಜಿಯಲ್ಲಿ ಪಾಲಿಲ್ಲದ ಮೂರನೆಯವರು ತೆತ್ತರು ಎನ್ನದೆ ವಿಧಿಯಿಲ್ಲ.

ಇದಕ್ಕೊಂದು ಪರಿಹಾರ ಮೊದಲಿನಿಂದಲೂ ಎದುರಿಗೇ ಇತ್ತು: ಹಳೆಯ ಧ್ವನಿಯನ್ನು ಪೂರ್ತಿ ಬಿಡುವುದು. ಆಗ ಡಿಜಿಟಲ್ ಸಂಕೇತ ನಡುವಿನ 20 ಕಿಲೋಹರ್ಟ್ಜ್ ಒಳಗೇ ಅಡಗುತ್ತದೆ, ನೆರೆಯವರ ತಲೆನೋವು ಇಳಿಯುತ್ತದೆ. ಮೇರಿಲ್ಯಾಂಡಿನ ಫ್ರೆಡರಿಕ್ ಊರಿನ ಡಬ್ಲ್ಯೂಡಬ್ಲ್ಯೂಎಫ್‌ಡಿ, 820ರಲ್ಲಿ, 2018ರ ಜುಲೈಯಲ್ಲಿ ಪ್ರಯೋಗಕ್ಕೆಂದು ಹಾಗೆಯೇ ಮಾಡಿತು. 2020ರ ಅಕ್ಟೋಬರಿನಲ್ಲಿ ಎಫ್‌ಸಿಸಿ ಎಲ್ಲ ಎಎಂ ಕೇಂದ್ರಗಳಿಗೂ ಈ ಅವಕಾಶ ಕೊಟ್ಟಿತು. ಮುಂದೆ ಬಂದವು ಬೆರಳೆಣಿಕೆಯಷ್ಟು. ಹಳೆಯ ರೇಡಿಯೋದಲ್ಲಿ ಬರೀ ಗುಸುಗುಟ್ಟುವ ಸದ್ದಾಗಿ ಉಳಿಯಲು ಯಾರು ತಾನೇ ಮುಂದಾಗುತ್ತಾರೆ? ಫ್ರೆಡರಿಕ್ ಕೇಂದ್ರಕ್ಕೆ 94.3ರ ಎಫ್‌ಎಂ ಆಸರೆಯಿತ್ತು.

ಭಾರತ ಬೇರೆ ಹಾದಿ ಹಿಡಿಯಿತು. ಆಕಾಶವಾಣಿ ಆರಿಸಿಕೊಂಡದ್ದು ಡಿಆರ್‌ಎಂ ಎಂಬ ಡಿಜಿಟಲ್ ಪದ್ಧತಿ. 2009ರಲ್ಲಿ ದೆಹಲಿಯ ಶಾರ್ಟ್‌ವೇವ್‌ನಿಂದ ಶುರುವಾಗಿ ಮೀಡಿಯಂ ವೇವ್‌ನ 35ರಷ್ಟು ಟ್ರಾನ್ಸ್‌ಮಿಟರುಗಳಿಗೆ ಅದು ಹಬ್ಬಿತು. ಬೆಂಗಳೂರು, ಧಾರವಾಡಗಳ ಎರಡೆರಡು ಲಕ್ಷ ವ್ಯಾಟಿನವೂ ಅವುಗಳಲ್ಲಿ ಸೇರಿವೆ. ಎರಡೂ ಬಗೆಯ ಪ್ರಸಾರ ಒಟ್ಟಿಗೆ ನಡೆಯುವಾಗ ಮಾಮೂಲಿ ಧ್ವನಿಗೆ 9 ಕಿಲೋಹರ್ಟ್ಜ್, ಒಂದೇ ಬದಿಯಲ್ಲಿ ಡಿಜಿಟಲ್‌ಗೆ ಇನ್ನೊಂದು 9. ಪಕ್ಕದ ನಿವೇಶನವನ್ನು ಲೆಕ್ಕಕ್ಕೆ ಹಿಡಿದೇ ಕಟ್ಟಿದ ಮನೆ ಇದು. ಇಲ್ಲಿನ ಕೊರತೆ ಇನ್ನೊಂದು ಬಗೆಯದು: ಡಿಆರ್‌ಎಂ ಹಿಡಿಯುವ ರೇಡಿಯೋ ಕೆಲವು ಕಾರುಗಳಲ್ಲಿದೆ, ಅಂಗಡಿಯ ಕಪಾಟಿನಲ್ಲಿ ಅಪರೂಪ. ಅಜ್ಜನ ಕಾಲದ ಸೆಟ್ಟಿನಲ್ಲಿ ಬೆಂಗಳೂರಿನ 612 ಹಿಡಿದು, ಎರಡೂ ಪ್ರಸಾರ ಇರುವ ಹೊತ್ತಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟು ಮೇಲಕ್ಕೆ ಸರಿಸಿದರೆ ವಾರ್ತೆ ಮಸುಕಾಗಿ, ತಗಡಿನ ಮೇಲೆ ಜಡಿಮಳೆ ಸುರಿದಂಥ ಸದ್ದು ಏಳುತ್ತದೆ. ಆ ಸದ್ದಿನೊಳಗೆ ಅದೇ ವಾರ್ತೆಯೂ ಇರಬಹುದು, ಇನ್ನಷ್ಟು ಸ್ವಚ್ಛವಾಗಿ.