ಚಿತ್ರದ ಬೆನ್ನಿಗೊಂದು ಹೆಸರು

ಭಾನುವಾರ ಬೆಳಗಿನ ಹೊತ್ತು ಮಂಗಳೂರಿನ ಬಾವುಟಗುಡ್ಡೆಗೆ ಹೋದರೆ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡ ಹುಡುಗ ಹುಡುಗಿಯರ ಗುಂಪೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ನಗರದಲ್ಲಿ ಪತ್ರಿಕೋದ್ಯಮ, ದೃಶ್ಯಕಲೆ ಓದುವವರಿಗೆ ಛಾಯಾಗ್ರಹಣವೂ ಒಂದು ಪಾಠ. ಅವರ ಮಾತಿಗೆ ಕಿವಿಗೊಟ್ಟರೆ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಯಾವ ಕ್ಯಾಮೆರಾ ಒಳ್ಳೆಯದು? ಯಾವ ಲೆನ್ಸ್ ಕೊಳ್ಳಬೇಕು? ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಬರುವಾಗ ಇದೆಲ್ಲ ಏಕೆ?

ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ ಈ ವರದಿಗಾರನೂ ಕೇಳಿದ ಪ್ರಶ್ನೆಗಳೇ ಇವು. ‘ಯಾರನ್ನು ನೋಡಿ ಕಲಿಯಬೇಕು’ ಎಂದು ಕೇಳಿದ್ದು ಬಹಳ ತಡವಾಗಿ. ಆಗಲೂ ಬಾಯಿಗೆ ಬಂದ ಹೆಸರುಗಳು ಪ್ಯಾರಿಸ್ಸಿನವು, ನ್ಯೂಯಾರ್ಕಿನವು. ಆದರೆ ಬಾವುಟಗುಡ್ಡೆಯಿಂದ ಬಲ್ಮಠದವರೆಗೆ ಕಾಲ್ನಡಿಗೆಯಲ್ಲಿ ಹೋಗಿ ಬರುವಷ್ಟರಲ್ಲೇ ಚಿತ್ರ ಮತ್ತು ಬೆಳಕಿನ ಒಂದೂಮುಕ್ಕಾಲು ಶತಮಾನದ ಪಾಠ ಬಿದ್ದಿದೆ. ಅದನ್ನು ಓದಿದವರಿಗೆ ಕ್ಯಾಮೆರಾದ ಪ್ರಶ್ನೆ ಸ್ವಲ್ಪ ಚಿಕ್ಕದಾಗಿ ಕಾಣುತ್ತದೆ. ಬೇರೊಂದು ಪ್ರಶ್ನೆ ದೊಡ್ಡದಾಗುತ್ತದೆ.

ಎಲೆಯೇ ಬರೆದ ಚಿತ್ರ

ಛಾಯಾಗ್ರಹಣದ ಹುಟ್ಟುಹಬ್ಬವೆಂದು ಆಗಸ್ಟ್ 19ನ್ನು ಆಚರಿಸುತ್ತಾರೆ. 1839ರಲ್ಲಿ ಅದೇ ದಿನ ಪ್ಯಾರಿಸ್ಸಿನಲ್ಲಿ ದಾಗೇರನ ವಿಧಾನವನ್ನು ಲೋಕಕ್ಕೆ ಬಹಿರಂಗಪಡಿಸಲಾಯಿತು. ಆ ಹೊತ್ತಿಗೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಮಂಗಳೂರಿಗೆ ಬಂದು 5 ವರ್ಷವಾಗಿತ್ತು. 1841ರಲ್ಲಿ ಮಿಷನ್ನಿನ ಕಲ್ಲಚ್ಚಿನ ಮುದ್ರಣಾಲಯ ಇಲ್ಲಿ ಆರಂಭವಾಯಿತು. ಹರ್ಮನ್ ಮೊಗ್ಲಿಂಗರು 1843ರಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದು ಈ ಕಲ್ಲಿನ ಮೇಲೆಯೇ. ಜಿಡ್ಡಿನ ಮಸಿಯಲ್ಲಿ ಕಲ್ಲಿನ ಮೇಲೆ ಬರೆದು, ಕಲ್ಲನ್ನು ಒದ್ದೆ ಮಾಡಿ, ಮೇಲೆ ಶಾಯಿ ಸವರಿದರೆ ಜಿಡ್ಡಿದ್ದಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ಕಾಗದ ಒತ್ತಿದರೆ ಅಚ್ಚು ಸಿದ್ಧ. ಅಕ್ಷರವಾಗಲಿ ಚಿತ್ರವಾಗಲಿ, ಕಲ್ಲಿಗೆ ಎರಡೂ ಒಂದೇ.

ಈ ಮುದ್ರಣಾಲಯದಿಂದ 1862ರಲ್ಲಿ ಒಂದು ವಿಚಿತ್ರ ಪುಸ್ತಕ ಹೊರಬಂತು. ಜೆ. ಹುನ್ಜಿಕರ್ ಸಿದ್ಧಪಡಿಸಿದ ಅದರ ಹೆಸರು ‘ನೇಚರ್ಸ್ ಸೆಲ್ಫ್‌ಪ್ರಿಂಟಿಂಗ್’. ಪ್ರಕೃತಿ ತಾನೇ ಅಚ್ಚಾಗುವುದು ಎಂದು ಅದರ ಅರ್ಥ. ದಕ್ಷಿಣ ಭಾರತದ ಉಪಯುಕ್ತ ಹಾಗೂ ಅಲಂಕಾರದ ಗಿಡಗಳನ್ನು ಯಾರೂ ಕುಂಚ ಹಿಡಿದು ಬಿಡಿಸಲಿಲ್ಲ. ಹಸಿ ಎಲೆ, ಹೂವು, ಕಡ್ಡಿಗಳಿಂದಲೇ ಅಚ್ಚು ತೆಗೆದರು. ಎಲೆಯ ನರ, ಅಂಚಿನ ಹಲ್ಲು, ಹುಳ ತಿಂದ ತೂತಿದ್ದರೆ ಅದೂ ಸೇರಿ ಗಿಡವೇ ತನ್ನ ಚಿತ್ರ ಬರೆದುಕೊಳ್ಳುವ ವಿಧಾನವಿದು.

ಇದು ಛಾಯಾಚಿತ್ರವಲ್ಲ, ಇಲ್ಲಿ ಬೆಳಕಿಗೆ ಕೆಲಸವಿಲ್ಲ. ಆದರೆ ಹಿಂದಿನ ಆಸೆ ಒಂದೇ. ಇಂಗ್ಲೆಂಡಿನ ಅನ್ನಾ ಆಟ್ಕಿನ್ಸ್ ಎಂಬಾಕೆ 1843ರಿಂದ ಸಮುದ್ರಪಾಚಿಯನ್ನು ರಾಸಾಯನಿಕ ಸವರಿದ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ನೀಲಿ ಚಿತ್ರಗಳನ್ನು ತೆಗೆದಳು. ಅಲ್ಲಿ ಕಡಲ ಪಾಚಿ, ಇಲ್ಲಿ ಕರಾವಳಿಯ ಮುದ್ರಣಾಲಯದಲ್ಲಿ ನೆಲದ ಎಲೆ. ಮನುಷ್ಯನ ಕೈ ನಡುವೆ ಬಾರದೆ ವಸ್ತುವೇ ತನ್ನ ಗುರುತು ಬಿಟ್ಟುಹೋಗಬೇಕು ಎಂಬ ಹಂಬಲ ಎರಡು ಕಡೆಯೂ ಇತ್ತು. ಕ್ಯಾಮೆರಾ ಬೇಡದ ಈ ಪಾಠವನ್ನು ಇಂದೂ ಹಲವು ಕಲಾಶಾಲೆಗಳಲ್ಲಿ ಮಾಡಿಸುತ್ತಾರೆ.

ಒದ್ದೆ ಗಾಜು, ಹಸಿ ಗೋಡೆ

ಆ ಕಾಲದ ಕ್ಯಾಮೆರಾ ಕೆಲಸ ಹೇಗಿತ್ತೆಂದು ತಿಳಿದರೆ ಇಂದಿನ ವಿದ್ಯಾರ್ಥಿ ಬೆವರುತ್ತಾನೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ವಿಧಾನದಲ್ಲಿ ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟು ದ್ರವ ಹೊಯ್ದು, ಕತ್ತಲಲ್ಲಿ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿ ಇರುವಾಗಲೇ ಕ್ಯಾಮೆರಾಕ್ಕೆ ತುರುಕಬೇಕು. ಚಿತ್ರ ತೆಗೆದು ಒಣಗುವ ಮೊದಲೇ ತೊಳೆಯಬೇಕು. ಇಷ್ಟಕ್ಕೆಲ್ಲ ಸಿಗುವುದು ಹತ್ತು ಹದಿನೈದು ನಿಮಿಷ. ಸೆಕೆಯ ಊರಿನಲ್ಲಿ ಅದೂ ಇಲ್ಲ. ಊರಾಚೆ ಹೋಗುವುದಾದರೆ ಕತ್ತಲೆ ಕೋಣೆಯನ್ನೇ ಡೇರೆಯ ರೂಪದಲ್ಲಿ ಹೊತ್ತೊಯ್ಯಬೇಕು. ಮುಂದೆ ನಿಂತವರು ಕೆಲವು ಸೆಕೆಂಡುಗಳಾದರೂ ಅಲುಗಾಡುವಂತಿಲ್ಲ. ಹಳೆಯ ಚಿತ್ರಗಳಲ್ಲಿ ನಮ್ಮ ಹಿರಿಯರು ಸಿಟ್ಟಾದವರಂತೆ ಬಿಗಿದುಕೊಂಡು ನಿಂತಿರುವುದಕ್ಕೆ ಇದೂ ಒಂದು ಕಾರಣ. 1871ರಲ್ಲಿ ಒಣ ಹಲಗೆ ಬಂದ ಮೇಲೆಯೇ ಈ ಅವಸರ ತಪ್ಪಿದ್ದು.

ಒಣಗುವ ಮೊದಲೇ ಮುಗಿಸಬೇಕೆಂಬ ಇಂಥದೇ ಶಿಸ್ತಿನ ಇನ್ನೊಂದು ಕಲೆ ಬಾವುಟಗುಡ್ಡೆಯ ಮೇಲೆಯೇ ಇದೆ. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯಕ್ಕೆ 1899ರಲ್ಲಿ ಇಟಲಿಯ ಬೆರ್ಗಾಮೊ ಕಡೆಯ ಕಲಾವಿದ, ಯೇಸುಸಭೆಯ ಬ್ರದರ್ ಅಂತೋನಿಯೊ ಮೊಸ್ಕೇನಿ ಬಂದರು. ಸುಮಾರು ಎರಡು ವರ್ಷದಲ್ಲಿ ಗೋಡೆ, ಕಮಾನು, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲವನ್ನು ಕ್ಯಾನ್ವಾಸಿನ ಮೇಲೆ ತೈಲವರ್ಣದಲ್ಲಿ ಬರೆದರೆ, ಉಳಿದವನ್ನು ಹಸಿ ಗಾರೆಯ ಮೇಲೆ ಬರೆದರು. ಹಸಿ ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ತಿದ್ದಲು ಬರುವುದಿಲ್ಲ. ಹಾಗಾಗಿ ಒಂದು ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗೋಡೆಗೆ ಅಂದು ಗಾರೆ ಮೆತ್ತಬೇಕು. ಒಂದು ಕ್ಲಿಕ್ಕಿನ ಬದಲು ಐವತ್ತು ಕ್ಲಿಕ್ಕು ಹೊಡೆದು ಆಮೇಲೆ ಆರಿಸುವ ನಮ್ಮ ತಲೆಮಾರಿಗೆ ಇದು ಒಳ್ಳೆಯ ಗುರು.

ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮಂಗಳೂರಿನ ತೇವ ಈ ಚಿತ್ರಗಳನ್ನೂ ಬಿಡಲಿಲ್ಲ. 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಇವುಗಳ ದುರಸ್ತಿ ನಡೆಸಿದರು. ಕ್ಯಾಮೆರಾವನ್ನು ಚೀಲದೊಳಗಿಟ್ಟು ಅರ್ಧ ಗಂಟೆ ಸುಮ್ಮನೆ ಇಲ್ಲಿ ಕುಳಿತರೆ ಸಾಕು. ಬರೆದ ಮುಖದ ಮೇಲೆ ಬೆಳಕು ಯಾವ ದಿಕ್ಕಿನಿಂದ ಬಂದಿದೆ, ನೆರಳು ಎಲ್ಲಿಗೆ ಹರಿದಿದೆ ಎಂಬುದು ತಾನಾಗಿ ಕಾಣತೊಡಗುತ್ತದೆ.

ಕನ್ನಡಿ ಹಿಡಿದ ಕೈ

ಸಲಕರಣೆಗಿಂತ ಕಣ್ಣು ದೊಡ್ಡದು ಎಂಬುದಕ್ಕೆ ಕರಾವಳಿಯಾಚೆಯ ಕನ್ನಡನಾಡಿನಲ್ಲೂ ಸಾಕ್ಷಿಗಳಿವೆ. ಮೈಸೂರಿನಲ್ಲಿ 1923ರಲ್ಲೇ ಇಬ್ಬರು ಹುಟ್ಟಿದರು. ಒಬ್ಬರು ವಿ.ಕೆ. ಮೂರ್ತಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು. ಕರಾವಳಿಯ ಪಡುಕೋಣೆ ಎಂಬ ಊರಿನ ಹೆಸರು ಹೊತ್ತ ಮನೆತನದ ಗುರುದತ್ ಜೊತೆ 1959ರಲ್ಲಿ ‘ಕಾಗಜ್ ಕೆ ಫೂಲ್’ ಮಾಡುವಾಗ, ಸ್ಟುಡಿಯೋದ ಕತ್ತಲೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು ಅವರಿಗೆ ಬೇಕಿತ್ತು. ಅದನ್ನು ಸಾಧಿಸಿದ್ದು ದೊಡ್ಡ ದೀಪಗಳಿಂದಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ. ಮುಂದೆ ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು.

ಇನ್ನೊಬ್ಬರು ಟಿ.ಎಸ್. ಸತ್ಯನ್. ಪತ್ರಿಕಾ ಛಾಯಾಗ್ರಾಹಕರಾಗಿ ದೇಶ ಸುತ್ತಿದ ಅವರ ಮನಸ್ಸು ಮಾತ್ರ ಶಾಲೆಗೆ ಹೋಗುವ ಮಕ್ಕಳು, ಹೊಲದ ಹೆಂಗಸರು, ಬೀದಿಬದಿಯ ಮುದುಕರ ಮೇಲೆಯೇ ಇತ್ತು. 1977ರಲ್ಲಿ ಪದ್ಮಶ್ರೀ ಪಡೆದ ಸತ್ಯನ್ 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಬೆರಗಿನ ಕೋನಗಳಿಲ್ಲ. ಮುಂದೆ ಕುಳಿತ ಮನುಷ್ಯನಿಗೆ ಕ್ಯಾಮೆರಾದ ಭಯ ಹೋಗಿದೆ, ಅಷ್ಟೇ.

ಮನೆಮನೆಯಲ್ಲಿದ್ದ ಕ್ಯಾಮೆರಾಗಳೂ ಸರಳವೇ. ಅಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬಿಯಲ್ಲಿ ಬಿಸಿಲು, ಮೋಡ ಎಂಬ ಗುರುತು ಬಿಟ್ಟರೆ ತಿರುಗಿಸಲು ಹೆಚ್ಚೇನೂ ಇರಲಿಲ್ಲ. ಒಂದು ರೋಲಿಗೆ 12 ಚಿತ್ರ. 1960ರಲ್ಲಿ ಸ್ಥಾಪನೆಯಾಗಿ ಈಗ ಮುಚ್ಚಿಹೋಗಿರುವ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಕಪ್ಪುಬಿಳುಪು ಫಿಲ್ಮು ಅನೇಕ ಹವ್ಯಾಸಿಗಳಿಗೆ ಆಸರೆಯಾಗಿತ್ತು. ಹನ್ನೆರಡೇ ಚಿತ್ರ ಎಂಬ ಬಡತನವೇ ನೋಡಿ ತೆಗೆಯುವ ಅಭ್ಯಾಸವನ್ನು ಕಲಿಸುತ್ತಿತ್ತು.

ಬಾಸೆಲ್‌ನಲ್ಲಿರುವ ನಮ್ಮೂರು

ಮತ್ತೆ ಮಂಗಳೂರಿಗೆ ಬರೋಣ. ಬಾಸೆಲ್ ಮಿಷನ್ನಿನವರು 19ನೇ ಶತಮಾನದ ಮಧ್ಯಭಾಗದಿಂದ ತಾವು ಕೆಲಸ ಮಾಡಿದ ಕಡೆಯೆಲ್ಲ ಚಿತ್ರ ತೆಗೆದರು. ಆಫ್ರಿಕದ ಘಾನಾ, ಕ್ಯಾಮರೂನ್, ಚೀನಾಗಳ ಜೊತೆ ದಕ್ಷಿಣ ಕನ್ನಡ, ಕೊಡಗು, ಧಾರವಾಡ, ಮಲಬಾರ್ ಪ್ರದೇಶಗಳೂ ಇದರಲ್ಲಿ ಸೇರಿವೆ. ಬಾಸೆಲ್‌ನ ದಾಖಲೆ ಭಂಡಾರದಲ್ಲಿರುವ ಒಟ್ಟು ಚಿತ್ರಗಳು 28 ಸಾವಿರಕ್ಕೂ ಹೆಚ್ಚು. ಈ ಶತಮಾನದ ಆರಂಭದಿಂದ ಇವನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಮಿಷನ್ನಿನ ಹಳೆಯ ದಾಖಲೆಗಳಿವೆ.

ಈ ಚಿತ್ರಗಳನ್ನು ತೆಗೆದದ್ದು ನಮಗಾಗಿ ಅಲ್ಲ ಎಂಬುದನ್ನು ನೆನಪಿಡಬೇಕು. ಯುರೋಪಿನ ದಾನಿಗಳಿಗೆ ‘ನಿಮ್ಮ ಹಣದಿಂದ ಇಲ್ಲಿ ಇಷ್ಟೆಲ್ಲ ಆಗಿದೆ’ ಎಂದು ತೋರಿಸುವುದು ಮುಖ್ಯ ಉದ್ದೇಶವಾಗಿತ್ತು. ಆದ್ದರಿಂದ ಶಾಲೆ, ಇಗರ್ಜಿ, ನೇಯ್ಗೆ, 1865ರಲ್ಲಿ ಆರಂಭವಾದ ಹಂಚಿನ ಉದ್ಯಮ ಇವೆಲ್ಲ ಚೌಕಟ್ಟಿನೊಳಗೆ ಬಂದವು. ಚೌಕಟ್ಟಿನ ಹೊರಗೆ ಉಳಿದದ್ದೇನು ಎಂದು ಕೇಳುವುದೂ ಚಿತ್ರ ಓದುವ ಕ್ರಮ.

ಮನಸ್ಸು ಕಲಕುವ ಸಂಗತಿ ಬೇರೆಯೇ. ಹಲವು ಚಿತ್ರಗಳ ವಿವರದಲ್ಲಿ ಪಾದ್ರಿಯ ಹೆಸರಿದೆ, ಅವರ ಪತ್ನಿಯ ಹೆಸರಿದೆ. ಪಕ್ಕದಲ್ಲಿ ನಿಂತ ನಮ್ಮವರು ಬರೀ ಕೆಲಸಗಾರರು, ಶಾಲೆಯ ಮಕ್ಕಳು, ಯಾವುದೋ ಒಂದು ಜಾತಿಯವರು. ಬ್ರಿಟಿಷ್ ಸರಕಾರ 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಹೊರತಂದ ‘ದ ಪೀಪಲ್ ಆಫ್ ಇಂಡಿಯಾ’ದಲ್ಲೂ ಮನುಷ್ಯರು ಹೆಚ್ಚಾಗಿ ತಮ್ಮ ಜಾತಿಯ ಮಾದರಿಗಳಾಗಿಯೇ ನಿಂತಿದ್ದಾರೆ. ಆ ಮುಖಗಳು ಯಾರದೋ ಅಜ್ಜಿ, ಯಾರದೋ ಮುತ್ತಜ್ಜ. ಅವರ ಮೊಮ್ಮಕ್ಕಳು ಇದೇ ಊರಿನಲ್ಲಿರಬಹುದು. ಚಿತ್ರ ಕಣ್ಣೆದುರು ಬಂದರೂ ಗುರುತಿಸುವ ದಾರಿಯೇ ಇಲ್ಲ.

ನಾವು ಮಾಡುತ್ತಿರುವುದೂ ಅದೇ

ಪರದೇಶದವರನ್ನು ದೂರುವುದು ಸುಲಭ. ಈ ವರದಿಗಾರನ ಅಜ್ಜಿಯ ಪೆಟ್ಟಿಗೆಯಲ್ಲೊಂದು ಮದುವೆಯ ಚಿತ್ರವಿದೆ. ಚಪ್ಪರದಡಿ ಹದಿನಾಲ್ಕು ಜನ. ಒಂಬತ್ತು ಮಂದಿಯನ್ನು ಅಜ್ಜಿ ಬೆರಳಿಟ್ಟು ಹೇಳಿದ್ದರು. ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಅಜ್ಜಿ ಹೋದ ಮೇಲೆ ಈಗ ಮನೆಯಲ್ಲಿ ಗುರುತು ಹಿಡಿಯುವುದು ನಾಲ್ವರನ್ನು ಮಾತ್ರ. ಚಿತ್ರ ಮಾಸಿಲ್ಲ, ಚಿತ್ರದೊಳಗಿನವರು ಮಾಸಿದ್ದಾರೆ.

ಚಿತ್ರವೂ ಉಳಿಯುವುದು ಕಷ್ಟವೇ. ಮಂಗಳೂರಿನ ಮಳೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ನೆಗೆಟಿವಿನ ಮೇಲಿನ ಪದರ ಜೆಲಾಟಿನ್, ಅಂದರೆ ಪ್ರಾಣಿಜನ್ಯ ಅಂಟು. ಬೂಷ್ಟಿಗೆ ಅದಕ್ಕಿಂತ ರುಚಿಯಾದ ಊಟವಿಲ್ಲ. ಸ್ಟುಡಿಯೋಗಳು ಡಿಜಿಟಲ್‌ಗೆ ಬದಲಾದಾಗ ಹಳೆಯ ನೆಗೆಟಿವ್ ಪೆಟ್ಟಿಗೆಗಳು ಅಟ್ಟ ಸೇರುತ್ತವೆ, ಅಟ್ಟದಿಂದ ಗುಜರಿಗೆ ಹೋಗುತ್ತವೆ. ಇಂದಿನ ಮೊಬೈಲ್ ಚಿತ್ರಗಳ ಗತಿ ಇನ್ನೂ ಚಿಂತಾಜನಕ. ಅವಕ್ಕೆ ಬರೆಯಲು ಬೆನ್ನೇ ಇಲ್ಲ.

ಛಾಯಾಗ್ರಹಣ ಕಲಿಯುವವರಿಗೆ ಪ್ರೇರಣೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಬೆಳಗಿನ ಜಾವದ ದಕ್ಕೆ, ಬೋಳೂರಿನ ಸುಲ್ತಾನ್ ಬತ್ತೇರಿಯ ಕಡವು, ನವರಾತ್ರಿಯ ಹುಲಿವೇಷದ ಬಣ್ಣ, ಕೋಲದ ರಾತ್ರಿಯ ದೊಂದಿಯ ಬೆಳಕು ಎಲ್ಲವೂ ಇದ್ದೇ ಇವೆ. ಕೋಲದ ಮುಂದೆ ಫ್ಲಾಶ್ ಹೊಡೆದು ದೊಂದಿಯ ಬೆಳಕನ್ನು ಕೊಲ್ಲದಿದ್ದರೆ ಚಿತ್ರ ತಾನಾಗಿ ಒದಗುತ್ತದೆ. ಆದರೆ ತೆಗೆದ ಮೇಲೆ ಎರಡು ನಿಮಿಷ ನಿಂತು, ಮೀನಿನ ಬುಟ್ಟಿ ಹೊತ್ತ ಅಕ್ಕನ ಹೆಸರು ಕೇಳಬೇಕು. ಹುಲಿಯ ಬಣ್ಣದೊಳಗಿನ ಹುಡುಗನ ಊರು ಕೇಳಬೇಕು. ಅವರು ಒಪ್ಪಿದರೆ ಹೆಸರು, ಜಾಗ, ದಿನಾಂಕ ಬರೆದಿಡಬೇಕು. ಕಲಾಶಾಲೆಯ ಒಂದೊಂದು ತಂಡ ಒಂದೊಂದು ಬೀದಿಯ ಮನೆಗಳ ಹಳೆಯ ಚಿತ್ರಗಳನ್ನು ನಕಲು ಮಾಡಿ, ಹಿರಿಯರ ಬಾಯಿಂದ ಹೆಸರು ಬರೆಸಿಕೊಂಡರೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇಡ. ಈ ಕೆಲಸಕ್ಕೆ ದುಬಾರಿ ಲೆನ್ಸು ಬೇಕಿಲ್ಲ, ಮನೆಯ ಹಿರಿಯರ ಪಕ್ಕ ಒಂದು ಮಧ್ಯಾಹ್ನ ಕುಳಿತುಕೊಳ್ಳಬೇಕು.

ಅಜ್ಜಿಯ ಪೆಟ್ಟಿಗೆಯ ಆ ಚಿತ್ರದ ಬೆನ್ನಿಗೆ ಕಳೆದ ವಾರ ಮೆದು ಪೆನ್ಸಿಲಿನಲ್ಲಿ ನಾಲ್ಕು ಹೆಸರು ಬರೆದಾಯಿತು. ಉಳಿದ ಹತ್ತು ಜನರ ಜಾಗ ಖಾಲಿ ಇದೆ.