ಕೀಲೆಣ್ಣೆಯಿಂದ ಗ್ರೀಸ್ ಗನ್ನಿನವರೆಗೆ

ಬ್ಯಾಂಕಿನ ಲೆಕ್ಕದಲ್ಲಿ ವಾಹನಕ್ಕೆ ಪ್ರತಿ ವರ್ಷ ಸವಕಳಿ ಬರೆಯುತ್ತೇವೆ. ಅದು ಕಾಗದದ ಸವಕಳಿ. ನಿಜವಾದ ಸವಕಳಿ ಆಗುವುದು ಗಾಡಿಯ ಅಡಿಯಲ್ಲಿ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವಲ್ಲಿ.

ಕ್ಯಾಂಪರ್ ವ್ಯಾನ್ ಎಂದರೆ ವಿದೇಶಿ ಶೋಕಿ ಅಂತ ನಗುತ್ತೀರೇನೋ. ಆದರೆ ನಮ್ಮ ಧಾರವಾಡ, ಬೆಳಗಾವಿ ಕಡೆಯವರು ಬನದ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದುದು ಮತ್ತೇನು? ಹಾಸಿಗೆ, ಪಾತ್ರೆ, ರೊಟ್ಟಿ ಗಂಟು ಎಲ್ಲ ಗಾಡಿಯಲ್ಲೇ. ಹೊರಡುವ ಮೊದಲು ಕಡಾಣಿ ಕಿತ್ತು, ಗಾಲಿ ಸರಿಸಿ, ಅಚ್ಚಿಗೆ ಕೀಲೆಣ್ಣೆ ಹಚ್ಚಲೇಬೇಕು. ಹರಳೆಣ್ಣೆ ಮಂದ, ಬೇಗ ಹರಿದು ಹೋಗುವುದಿಲ್ಲ. ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ತನ್ನ ಎಂಜಿನ್ ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದೂ ಈ ಹರಳೆಣ್ಣೆಯಿಂದಲೇ!

ಮೋಟಾರು ಬಂದಮೇಲೆ ತಿರುಗುವ ಕೀಲುಗಳು ಹೆಚ್ಚಾದವು. ಗನ್ನಿನಿಂದ ಒತ್ತಿ ಗ್ರೀಸ್ ತುಂಬುವ ಪುಟ್ಟ ನಿಪ್ಪಲ್‌ಗೆ ಆಸ್ಕರ್ ಝೆರ್ಕ್ 1929ರಲ್ಲಿ ಪೇಟೆಂಟ್ ಪಡೆದ. ಆಗಿನ ಸುಣ್ಣದ ಗ್ರೀಸ್ ನೀರಿಗೆ ಜಗ್ಗದು, ಆದರೆ ಬಿಸಿಗೆ ಕರಗುತ್ತಿತ್ತು. ಸೋಡಾ ಗ್ರೀಸ್ ಬಿಸಿ ತಾಳುತ್ತಿತ್ತು, ನೀರಿಗೆ ತೊಳೆದು ಹೋಗುತ್ತಿತ್ತು. 1940ರ ದಶಕದಲ್ಲಿ ಬಂದ ಲಿಥಿಯಂ ಗ್ರೀಸ್ ಎರಡನ್ನೂ ತಾಳಿತು. ನಮ್ಮ ಕೊಂಕಣದ ಮಳೆಗೆ ಹೇಳಿಸಿದ್ದು.

ಅಂಬಾಸಿಡರ್, ಫಿಯಟ್ ಕಾಲದಲ್ಲಿ ಸರ್ವಿಸಿಂಗ್ ಅಂದರೆ ಗ್ರೀಸಿಂಗ್ ಇದ್ದದ್ದೇ. 1983ರಲ್ಲಿ ಮಾರುತಿ 800 ಬಂತು. ಅದರ ಕೀಲುಗಳಿಗೆ ರಬ್ಬರ್ ಮುಚ್ಚಳ, ಒಳಗೆ ಮೊದಲೇ ತುಂಬಿದ ಗ್ರೀಸ್. ಕ್ರಮೇಣ ಕಾರಿನವರು ಗ್ರೀಸ್ ಗನ್ ಮರೆತರು. ಕುರ್ಲಾದಲ್ಲಿ ಹುಟ್ಟಿದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯೂ 2023ರ ಅಕ್ಟೋಬರ್ ಕೊನೆಗೆ ಮುಂಬಯಿ ರಸ್ತೆಯಿಂದ ಮರೆಯಾಯಿತು.

ಈಗ ಕ್ಯಾಂಪರ್ ವಿಷಯ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಆದರೆ ಇಲ್ಲಿನ ಕ್ಯಾಂಪರ್‌ಗಳಲ್ಲಿ ಹಲವು ಟೆಂಪೋ ಟ್ರಾವೆಲರ್‌ನಂಥ ಗಾಡಿಯ ಚಾಸಿಸ್ ಮೇಲೆ ನಿಂತವು. ಮೇಲೆ ಮನೆ, ಕೆಳಗೆ ಲಾರಿಯ ಜಾತಿ. ಇಂಥ ಚಾಸಿಸ್‌ನಲ್ಲಿ ಕಿಂಗ್ ಪಿನ್, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಕಮಾನು ಪಟ್ಟಿಯ ಪಿನ್, ಎಲ್ಲಿ ನಿಪ್ಪಲ್ ಇದೆಯೋ ಅಲ್ಲೆಲ್ಲ ಗ್ರೀಸ್ ಬೇಡುತ್ತವೆ. ಲಾರಿ ದಿನಾ ಓಡುತ್ತದೆ. ಕ್ಯಾಂಪರ್ ಮಾತ್ರ ಪಾತ್ರೆ, ಮಂಚ, ನೀರಿನ ಟ್ಯಾಂಕು ಹೊತ್ತು ತಿಂಗಳುಗಟ್ಟಲೆ ನಿಂತಿರುತ್ತದೆ. ಖಾರಘರದ ಮಳೆಯಲ್ಲಿ ನಿಂತರೆ ಕೀಲಿಗೆ ನೀರು ಇಳಿದು ತುಕ್ಕು ಹಿಡಿಯುತ್ತದೆ. ಹಾಗಾಗಿ ಕಿಲೋಮೀಟರ್ ಜೊತೆ ಕ್ಯಾಲೆಂಡರನ್ನೂ ನೋಡಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೊಮ್ಮೆ. ನಿಪ್ಪಲ್ ಒರೆಸಿ, ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಒತ್ತಬೇಕು. ಚಕ್ರದ ಬೇರಿಂಗ್ ಬಿಚ್ಚಿಯೇ ನೋಡಬೇಕು.

ಗ್ರೀಸ್ ಹಾಕಲು ಕೆಳಗೆ ನುಸುಳಿದವನಿಗೆ ಸಡಿಲಾದ ಬೋಲ್ಟು, ಹರಿದ ರಬ್ಬರು, ಸೀಳಿದ ಪಟ್ಟಿ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಕಡಾಣಿ ಕೀಳುತ್ತಿದ್ದ ನಮ್ಮ ರೈತನಿಗೂ ಅಷ್ಟೇ, ಅಚ್ಚಿನ ಬಿರುಕು ಮೊದಲೇ ಕಾಣುತ್ತಿತ್ತು. ಘಾಟ್ ಇಳಿಯುವಾಗ ಒಳಗೆ ಮಕ್ಕಳು ಮಲಗಿರುತ್ತಾರೆ ಸ್ವಾಮಿ... ಹೊರಡುವ ಮೊದಲು ಒಮ್ಮೆ ಕೆಳಗೆ ಬಗ್ಗಿ ನೋಡಿ.